ಸೀಸ ತಿಂದ ಜಡೆಬಿಲ್ಲೆ

ತಪ್ಪು ನನ್ನದೇ, ಹನ್ನೆರಡು ವರ್ಷ ಹಳೆಯದು. ಅಮ್ಮನ ಬೆಳ್ಳಿ ಜಡೆಬಿಲ್ಲೆಯ ಹಿಂದಿನ ಕೊಂಡಿ ಕಿತ್ತುಬಂದಿತ್ತು. ಆಗಷ್ಟೇ ಹಾಸನದಲ್ಲಿ ಮೋಟರ್ ರೀವೈಂಡಿಂಗ್ ಅಂಗಡಿ ಹಾಕಿದ್ದೆ. ಹೊಸ ಅಂಗಡಿ, ಹೊಸ ಸಾಲ್ಡರಿಂಗ್ ಐರನ್, ಮೈಯೆಲ್ಲ ಹುಮ್ಮಸ್ಸು. ವೈರಿಗೆ ಹಾಕುವ ತವರ-ಸೀಸದ ಸಾಲ್ಡರನ್ನೇ ಒಂದು ಬೊಟ್ಟು ಇಟ್ಟು ಕೊಂಡಿ ಕೂರಿಸಿಕೊಟ್ಟೆ. ಎರಡು ಮದುವೆ, ಒಂದು ನಾಮಕರಣ ದಾಟಿತು. ಹೋದ ಕಾರ್ತಿಕದಲ್ಲಿ ಮತ್ತೆ ಕಿತ್ತುಬಂತು. ಅಕ್ಕನ ಮಗಳ ಭರತನಾಟ್ಯಕ್ಕೆ ಅದೇ ಬಿಲ್ಲೆ ಬೇಕಿತ್ತು.

ಈ ಸಲ ಬುದ್ಧಿ ಬಂದಿದೆಯಲ್ಲ, ಬೆಳ್ಳಿಗೆ ಬೆಳ್ಳಿ ಬೆಸುಗೆಯನ್ನೇ ಹಾಕೋಣ ಎಂದು ಗ್ಯಾಸ್ ಟಾರ್ಚ್ ಹಿಡಿದೆ. ಹಳೆಯ ಸಾಲ್ಡರ್ ಪೂರ್ತಿ ಕೆರೆದು ತೆಗೆದಿದ್ದೇನೆ ಅಂದುಕೊಂಡಿದ್ದೆ. ಬಿಲ್ಲೆ ಇನ್ನೂ ಕೆಂಪಗೂ ಕಾದಿರಲಿಲ್ಲ. ಕೊಂಡಿ ಇದ್ದ ಜಾಗ ಒದ್ದೆಯಾದ ಹಾಗೆ ಹೊಳೆಯಿತು. ನೋಡನೋಡುತ್ತಿದ್ದಂತೆ ಬಿಲ್ಲೆಯ ಮೇಲಿನ ಹಂಸದ ಕತ್ತಿನ ಹತ್ತಿರ ಕಡಲೆಬೇಳೆಯಷ್ಟು ತೂತು, ಸುತ್ತ ಗೆದ್ದಲು ಹಿಡಿದ ಮರದ ಹಾಗೆ ಗುಳಿ ಗುಳಿ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ಆಚಾರ್ರು ಇದ್ದಾರೆ. ಎಪ್ಪತ್ತು ದಾಟಿದೆ, ಮಗ ಈಗ ರೆಡಿಮೇಡ್ ಒಡವೆ ತಂದು ಮಾರುತ್ತಾನೆ, ಹಿಂದುಗಡೆ ಕೋಣೆಯಲ್ಲಿ ಇವರ ಕುಲುಮೆ, ಅಡಿಗಲ್ಲು ಹಾಗೇ ಇವೆ. ಬಿಲ್ಲೆ ತೋರಿಸಿದೆ. ಬೆಳಕಿಗೆ ಹಿಡಿದು, ಉಗುರಲ್ಲಿ ಗುಳಿ ಸವರಿ ನೋಡಿದರು.

"ಸೀಸ ತಿಂದದೆ ಕಣಪ್ಪ. ಬೆಳ್ಳೀನೂ ಸೀಸಾನೂ ಒಟ್ಟಿಗೆ ಕಾಯ್ಸಬಾರದು. ಯಾರು ಇಕ್ಕಿದ್ದು ಇದ?"

ನಾನು ಸೂರು ನೋಡಿದೆ.

ಬೆಳ್ಳಿ ಕರಗುವುದಕ್ಕೆ ಸುಮಾರು 961 ಡಿಗ್ರಿ ಬೇಕು, ಸೀಸಕ್ಕೆ 327 ಸಾಕು. ಆದರೆ ಎರಡೂ ಮೈಗೆ ಮೈ ತಾಗಿಸಿಕೊಂಡಿದ್ದರೆ ಸೀಸ ಕರಗಿ ಬೆಳ್ಳಿಯನ್ನೂ ತನ್ನೊಳಗೆ ಕರಗಿಸಿಕೊಳ್ಳುತ್ತದೆ, 961ರವರೆಗೆ ಕಾಯುವುದೇ ಇಲ್ಲ. ಚೂರು ಸೀಸ ಉಳಿದಿದ್ದರೂ ಅಷ್ಟೇ ಕಥೆ. ಅದಕ್ಕೇ ಅಕ್ಕಸಾಲಿಗರು ಸೀಸ ಮುಟ್ಟಿದ ಅರವನ್ನು ಬೆಳ್ಳಿಗೆ ಮುಟ್ಟಿಸುವುದಿಲ್ಲ. ನಾನು ಅದೇ ಅರದಲ್ಲಿ ಉಜ್ಜಿದ್ದೆ.

ಹಳೆಯದು ಅಚ್ಚಿನಲ್ಲಿ ಒತ್ತಿದ ಮಾಲು, ದಪ್ಪ 0.3 ಮಿಲಿಮೀಟರ್. ತೇಪೆ ಹಾಕಲು ಹೋದರೆ ಉಳಿದದ್ದೂ ಕರಗುತ್ತದೆ. ಹೊಸದೇ ಆಗಬೇಕು ಅಂದರು ಆಚಾರ್ರು. ನೀವೇ ಮಾಡಿಕೊಡಿ ಅಂದೆ. "ಕಣ್ಣು ಕೈಕೊಟ್ಟವೆ. ಭಾನ್ವಾರ ಭಾನ್ವಾರ ಬಾ. ಬಾಯಿ ನಂದು, ಕೈ ನಿಂದು" ಅಂದರು. ಹೀಗೆ ಹನ್ನೊಂದು ಭಾನುವಾರ ಹೋದವು.

ಮೊದಲನೇ ಭಾನುವಾರ ಬೆಳ್ಳಿ ಕರಗಿಸಿದ್ದು. 37 ಗ್ರಾಂ ಅಪ್ಪಟ ಬೆಳ್ಳಿಗೆ 3 ಗ್ರಾಂ ತಾಮ್ರ. ಬರೀ ಬೆಳ್ಳಿ ಬೆಣ್ಣೆಯಂಥದ್ದು, ಜಡೆಯ ಎಳೆತಕ್ಕೆ ಬಾಗುತ್ತದೆ. ತಾಮ್ರ ಸೇರಿದರೆ ಗಟ್ಟಿ. ನಲವತ್ತಕ್ಕೆ ಮೂವತ್ತೇಳು ಅಂದರೆ ನೂರಕ್ಕೆ 92.5, ಒಡವೆ ಮೇಲೆ 925 ಅಂತ ಮುದ್ರೆ ಇರುತ್ತದಲ್ಲ, ಅದೇ ಲೆಕ್ಕ. ತಾಮ್ರ ಮಾತ್ರ ನನ್ನ ಅಂಗಡಿಯದು: ಪಂಪ್‌ಸೆಟ್ ಮೋಟರಿನ ವೈಂಡಿಂಗ್ ತಂತಿ, ಮೇಲಿನ ವಾರ್ನಿಶ್ ಸುಟ್ಟು, ಎಮರಿ ಕಾಗದದಲ್ಲಿ ಉಜ್ಜಿ ತಂದಿದ್ದೆ. ವೈಂಡಿಂಗ್ ತಾಮ್ರ ಬಹಳ ಶುದ್ಧ, ಕಲಬೆರಕೆ ಇದ್ದರೆ ಕರೆಂಟು ಸರಾಗ ಹರಿಯುವುದಿಲ್ಲ. ನನ್ನ ಕಸುಬಿನಿಂದ ಈ ಬಿಲ್ಲೆಗೆ ಆದ ಒಳ್ಳೆಯದು ಅಂದರೆ ಅದೊಂದೇ.

ಮೂಸೆಯೊಳಗೆ ಬೆಳ್ಳಿ ಕರಗಿದಾಗ ಮೇಲೆ ಇದ್ದಿಲ ಪುಡಿ ಉದುರಿಸಿದರು. ಕರಗಿದ ಬೆಳ್ಳಿ ಗಾಳಿಯ ಆಮ್ಲಜನಕ ಕುಡಿಯುತ್ತದೆ, ಗಟ್ಟಿಯಾಗುವಾಗ ಅದನ್ನೇ ಉಗುಳುತ್ತದೆ, ಬೆಳ್ಳಿಯ ಮೈಯೆಲ್ಲ ಗುಳ್ಳೆ ಏಳುತ್ತದೆ. ಇದ್ದಿಲು ಅದಕ್ಕೆ ತಡೆ. ಎಣ್ಣೆ ಸವರಿ ಬೆಚ್ಚಗೆ ಮಾಡಿದ ಕಬ್ಬಿಣದ ಅಚ್ಚಿಗೆ ಒಂದೇ ಉಸಿರಿಗೆ ಸುರಿದೆ. ಐದು ಮಿಲಿಮೀಟರ್ ದಪ್ಪದ ಪುಟ್ಟ ಗಟ್ಟಿ ಬಂತು, ನೋಡಲು ಮುರಿದ ಚಿಕ್ಕಿಯ ಹಾಗೆ.

ಅದನ್ನು ಕೈಯಲ್ಲಿ ತಿರುಗಿಸುವ ರೋಲಿಂಗ್ ಮೆಷಿನ್ನಿನಲ್ಲಿ 0.7 ಮಿಲಿಮೀಟರ್ ತಗಡಿಗೆ ಇಳಿಸಬೇಕು. ದಪ್ಪ ಅರ್ಧಕ್ಕೆ ಬಂದಾಗಲೆಲ್ಲ ಒಮ್ಮೆ ಕಾಯಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಒಂದು ಸಲ ಸೋಮಾರಿತನದಿಂದ ಬಿಟ್ಟೆ. ಅಂಚು ಬೇಸಿಗೆ ಕೆರೆಯಂಗಳದ ಹಾಗೆ ಸೀಳಿತು, ಅಷ್ಟನ್ನು ಕತ್ತರಿಸಿ ಎಸೆಯಬೇಕಾಯಿತು. ಎಸೆದೆ ಅಂದೆನಲ್ಲ, ಎಸೆಯಲಿಲ್ಲ. ಆಚಾರ್ರ ಕೋಣೆಯಲ್ಲಿ ಕಸ ಗುಡಿಸಿದ್ದೂ ಡಬ್ಬಿಗೆ ಹೋಗುತ್ತದೆ. ಉಳಿದದ್ದರಲ್ಲಿ 60 ಮಿಲಿಮೀಟರ್ ಚೌಕ ಸಿಕ್ಕಿತು, ತೂಕ 26.1 ಗ್ರಾಂ. ಈ ತೂಕ ನೆನಪಿಟ್ಟುಕೊಳ್ಳಿ.

ಕಾಯಿಸುವುದನ್ನು ಕಲಿಯುವುದಕ್ಕೇ ನನಗೆ ಎರಡು ವಾರ ಹಿಡಿಯಿತು. ಬೇಕಾದದ್ದು 600ರಿಂದ 650 ಡಿಗ್ರಿ, ಮಾಪಕ ಕಣ್ಣು. ಕೋಣೆಯ ಟ್ಯೂಬ್‌ಲೈಟ್ ಆರಿಸಬೇಕು, ಕಿಟಕಿಗೆ ಗೋಣಿ ಇಳಿಬಿಡಬೇಕು. ಆ ಮಬ್ಬಿನಲ್ಲಿ ತಗಡು ಮಾಸಲು ಕೆಂಪಗೆ ಕಂಡೂ ಕಾಣದ ಹಾಗೆ ಆಗುತ್ತದಲ್ಲ, ಅಲ್ಲಿಗೆ ಸಾಕು. ಬೆಳಕಿನಲ್ಲೇ ಕೆಂಪು ಕಂಡಿತು ಅಂದರೆ ಆಗಲೇ ಮಿತಿ ಮೀರಿದೆ. ಬೆಂಕಿ ತೆಗೆದು, ಕೆಂಪು ಹೋದ ಮೇಲೆ ನೀರಿಗೆ. ಕಬ್ಬಿಣದ ಉಳಿ ಕೆಂಪಗೆ ಕಾಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ, ಬೆಳ್ಳಿ ಮೆತ್ತಗಾಗುತ್ತದೆ. ಕಬ್ಬಿಣದ ಲೆಕ್ಕ ಇಟ್ಟುಕೊಂಡು ಬಂದವನಿಗೆ ಇದು ತಲೆಗೆ ಹೋಗುವುದು ನಿಧಾನ.

ಕಾಯಿಸಿದ ಮೇಲೆ ತಗಡು ಕಪ್ಪಗಿರುತ್ತದೆ, ತಾಮ್ರದ ಕಿಲುಬು. ಆಚಾರ್ರು ಬಿಸಿ ಹುಣಸೆಹುಳಿಯಲ್ಲಿ ಕುದಿಸುತ್ತಾರೆ. ನಾನು ಬ್ಯಾಟರಿ ಆಸಿಡ್ ಇದೆಯಲ್ಲ ಎಂದು ಗಂಧಕಾಮ್ಲವನ್ನು ಹತ್ತಕ್ಕೆ ಒಂದರಂತೆ ನೀರಿಗೆ ಬೆರೆಸಿಕೊಂಡೆ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರಲ್ಲ. ಇಷ್ಟು ಗೊತ್ತಿದ್ದವನು ತಗಡನ್ನು ತೆಗೆಯಲು ಕಬ್ಬಿಣದ ಇಕ್ಕಳ ಅದ್ದಿದೆ. ಬಿಳಿ ಬೆಳ್ಳಿ ಎದ್ದು ಬಂದದ್ದು ಗುಲಾಬಿ ಬಣ್ಣದಲ್ಲಿ! ಹಿಂದಿನ ಸಲಗಳ ತಾಮ್ರವೆಲ್ಲ ಆ ಆಸಿಡ್ಡಿನಲ್ಲಿ ಕರಗಿಕೊಂಡಿತ್ತು. ಕಬ್ಬಿಣ ಮುಟ್ಟಿದ್ದೇ ತಡ, ಬೆಳ್ಳಿಯ ಮೈಮೇಲೆ ಬಂದು ಕೂತಿತು. ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಪಾತ್ರೆಯೊಳಗೇ ಒಂದು ಬ್ಯಾಟರಿ ಸೆಲ್ ಮಾಡಿಬಿಟ್ಟಿದ್ದೆ. ತಾಮ್ರದ ಪಟ್ಟಿ ಬಗ್ಗಿಸಿ ಚಿಮಟ ಮಾಡಿಕೊಂಡ ಮೇಲೆ ಸರಿಹೋಯಿತು.

ಚಿತ್ರಕ್ಕೆ ಹಳೇಬೀಡಿಗೆ ಹೋದೆ. ಹಾಸನದಿಂದ ಮೂವತ್ತು ಕಿಲೋಮೀಟರ್ ಆಸುಪಾಸು, ಮೊದಲ ಬಸ್ಸಿಗೆ ಹೋದರೆ ಓರೆ ಬಿಸಿಲು ಸಿಗುತ್ತದೆ. ಚಿಕ್ಕಂದಿನಿಂದ ನೋಡಿದ ಹೊಯ್ಸಳೇಶ್ವರ ಗುಡಿ. ಕೆಳಗೆ ಆನೆ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ, ಇನ್ನೂ ಮೇಲೆ ಮಕರ, ಹಂಸ. ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಕೆಲಸದ ಕಣ್ಣಿಟ್ಟು ನೋಡಿದ್ದು ಇದೇ ಮೊದಲು. ಹಂಸದ ಬಾಲ ಗರಿಯಾಗಿ ಮುಗಿಯುವುದೇ ಇಲ್ಲ, ಬಳ್ಳಿಯಾಗಿ ಸುರುಳಿ ಸುತ್ತಿಕೊಂಡು ಹೋಗುತ್ತದೆ. ನನ್ನ ದುಂಡು ಬಿಲ್ಲೆಗೆ ಹೇಳಿ ಮಾಡಿಸಿದ ಚಿತ್ರ. ಫೋಟೊ ಹಿಡಿದು, ಮನೆಗೆ ಬಂದು 56 ಮಿಲಿಮೀಟರ್ ಸುತ್ತಿನೊಳಗೆ ಬರೆದು, ಕಾರ್ಬನ್ ಕಾಗದದಲ್ಲಿ ತಗಡಿಗೆ ಇಳಿಸಿ, ಸೂಜಿಯಲ್ಲಿ ಗೀರಿದೆ.

ಆಚಾರ್ರಿಗೆ ತೋರಿಸಿದರೆ ನಕ್ಕರು. "ಇದು ಕಲ್ಲಿನ ಚಿತ್ರ. ಕಲ್ಲಲ್ಲಿ ಹಂಸದ ಬೆನ್ನ ಹಿಂದ್ಕೂ ಉಳಿ ತೂರ್ಸಿ ಕೆರೀಬೌದು. ತಗಡಲ್ಲಿ ಎಲ್ಲಿಂದ ತೂರುಸ್ತೀಯ?" ಹೌದಲ್ಲ! ಅಲ್ಲಿ ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆದು, ಬೇಡದ್ದನ್ನು ಕೆತ್ತಿ ತೆಗೆದು ನೆರಳು ಹುಟ್ಟಿಸಿದ್ದಾರೆ. ತಗಡಿನಲ್ಲಿ ತೆಗೆಯುವಂಥದ್ದು ಏನೂ ಇಲ್ಲ, ಇರುವುದನ್ನೇ ಅತ್ತ ಇತ್ತ ತಳ್ಳಬೇಕು. ನಾನು ಇಷ್ಟು ದಿನ ಬೆಳ್ಳಿ "ಕೆತ್ತುತ್ತಾರೆ" ಅಂದುಕೊಂಡಿದ್ದೆ. ಒಂಬತ್ತು ಭಾನುವಾರ ಕಳೆಯುವವರೆಗೆ ಒಂದು ಚೂರನ್ನೂ ಕೆತ್ತಲಿಲ್ಲ. ಒಂದರ ಮೇಲೊಂದು ಹಾಯುವ ಬಳ್ಳಿಗಳನ್ನು ಕಡಿಮೆ ಮಾಡಿ, ಸುರುಳಿಗಳ ನಡುವೆ ಜಾಗ ಬಿಟ್ಟು, ಮತ್ತೆ ಬರೆದೆ.

ತಗಡು ಕೂರಿಸಲು ಅರಗು ಬೇಕು. ಅರಗು ಅನ್ನುತ್ತಾರೆ, ಒಳಗಿರುವುದು ರಾಳ, ಅಷ್ಟೇ ತೂಕದ ವಸ್ತ್ರಗಾಳಿತ ಇಟ್ಟಿಗೆ ಪುಡಿ, ಸ್ವಲ್ಪ ಕಡ್ಲೆಕಾಯಿ ಎಣ್ಣೆ. ಎಣ್ಣೆಗೆ ಅಳತೆ ಇಲ್ಲ, ಹವೆ ನೋಡಿ ಹಾಕುವುದು. ನಾನು ಕಲೆಸಿದ್ದು ಮಧ್ಯಾಹ್ನ. ಮಾರನೇ ವಾರ ಧನುರ್ಮಾಸದ ಬೆಳಗಿನ ಚಳಿಗೆ ಮೊದಲ ಪೆಟ್ಟು ಬಿದ್ದದ್ದೇ ಅರಗು ಗಾಜಿನ ಹಾಗೆ ಚಟ್ಟನೆ ಒಡೆದು ತಗಡು ಎಗರಿತು. ಇನ್ನೆರಡು ಚಮಚ ಎಣ್ಣೆ ಕುಡಿಸಿದೆ. ಉಗುರು ಒತ್ತಿದರೆ ಗುರುತು ನಿಧಾನಕ್ಕೆ ಕೂರಬೇಕು, ಬೆರಳಿಗೆ ಅಂಟಬಾರದು, ಅದು ಹದ. ಅರಗನ್ನು ದುಂಡು ತಳದ ಕಬ್ಬಿಣದ ಬಟ್ಟಲಿಗೆ ತುಂಬಿ, ಬಟ್ಟಲನ್ನು ಬಿಂದಿಗೆ ಹೊರುವ ಸಿಂಬೆಯಂಥ ಸಿಂಬೆಯ ಮೇಲೆ ಇಡುತ್ತಾರೆ. ಯಾವ ಕಡೆಗೆ ಬೇಕಾದರೂ ವಾಲಿಸಬಹುದು, ತಿರುಗಿಸಬಹುದು. ನನ್ನ ಸಿಂಬೆ ಹಳೆಯ ಸ್ಕೂಟರ್ ಟ್ಯೂಬಿನದು.

ಉಳಿಗಳನ್ನು ನಾನೇ ಮಾಡಿಕೊಂಡೆ. ಆಚಾರ್ರು ಚೂಪಾದದ್ದನ್ನೂ ಮೊಂಡಾದದ್ದನ್ನೂ ಉಳಿ ಅಂತಲೇ ಕರೆಯುತ್ತಾರೆ, ಆದರೆ ಈ ಕೆಲಸದ ಉಳಿಯಲ್ಲಿ ಕಡಿಯುವ ಅಲಗು ಇರುವುದಿಲ್ಲ. ಮುರಿದ ಸಣ್ಣ ಅರಗಳು, ಕಾಂಕ್ರೀಟ್ ಮೊಳೆಗಳು, ಎಲ್ಲ ಗಟ್ಟಿ ಉಕ್ಕು. ಕೆಂಪಗೆ ಕಾಸಿ ಬೂದಿಯಲ್ಲಿ ನಿಧಾನ ಆರಿಸಿ ಮೆತ್ತಗೆ ಮಾಡಿ, ತುದಿಗೆ ರೂಪ ಕೊಟ್ಟು, ಮತ್ತೆ ಕಾಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡಿದೆ. ಎಷ್ಟು ಕಾಸಬೇಕು ಅನ್ನುವುದಕ್ಕೆ ಆಯಸ್ಕಾಂತ ಇದೆ: ಉಕ್ಕು ಅದಕ್ಕೆ ಅಂಟುವುದನ್ನು ಬಿಟ್ಟರೆ ಶಾಖ ಸಾಕು. ಆಮೇಲೆ ಒಣಹುಲ್ಲಿನ ಹಳದಿ ಬರುವವರೆಗೆ ಬೆಚ್ಚಗೆ ಮಾಡಿ ಪೆಡಸು ತೆಗೆದೆ. ಒಟ್ಟು ಹದಿನಾಲ್ಕು ಮಾಡಿದೆ, ಕೆಲಸಕ್ಕೆ ಬಂದದ್ದು ಆರು. ತುದಿ ಕನ್ನಡಿಯ ಹಾಗೆ ನುಣುಪಾಗಿರಬೇಕು, ಅದರ ಮೇಲಿನ ಒಂದೊಂದು ಗೀರೂ ಬೆಳ್ಳಿಯ ಮೇಲೆ ಸಾವಿರ ಸಲ ಅಚ್ಚಾಗುತ್ತದೆ.

ಗೆರೆ ಹೊಡೆಯುವುದು ಹೀಗೆ. ಉಳಿಯನ್ನು ಹೆಬ್ಬೆರಳು, ಎರಡು ಬೆರಳುಗಳ ನಡುವೆ ಹಿಡಿದು ಉಂಗುರಬೆರಳನ್ನು ತಗಡಿಗೆ ಊರಬೇಕು. ಗೆರೆ ನಮ್ಮ ಕಡೆಗೆ ಬರಬೇಕು. ಉಳಿಯ ತಲೆ ಸ್ವಲ್ಪ ಹಿಂದಕ್ಕೆ ವಾಲಿದರೆ ಮುಂದಿನ ಮೂಲೆ ಕೂದಲೆಳೆಯಷ್ಟು ಎದ್ದಿರುತ್ತದೆ. ಸುತ್ತಿಗೆ ಬೀಳುತ್ತಿದ್ದರೆ ಅದು ತಾನೇ ತಾನಾಗಿ ಮುಂದೆ ಸರಿಯುತ್ತದೆ. ಎತ್ತಿ ಇಡುವುದಲ್ಲ. ಸುತ್ತಿಗೆ ಹಗುರ, ಹಿಡಿ ಸಣ್ಣ, ಮಣಿಕಟ್ಟು ಸಡಿಲ. ಟಕಟಕಟಕ ಎಂದು ಸೆಕೆಂಡಿಗೆ ಮೂರು ನಾಲ್ಕು. ಜೋರಾಗಿ ಹೊಡೆದರೆ ಗೆರೆ ಚುಕ್ಕಿ ಚುಕ್ಕಿ, ನಿಂತು ನಿಂತು ಹೊಡೆದರೆ ಗಂಟು ಗಂಟು. ಆಚಾರ್ರು ನನ್ನ ಕೆಲಸ ನೋಡುತ್ತಿರಲಿಲ್ಲ, ಗೋಡೆಗೆ ಒರಗಿ ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. "ಈಗ ತಪ್ಪಿದೆ" ಅನ್ನುತ್ತಿದ್ದರು. ನೋಡಿದರೆ ತಪ್ಪಿರುತ್ತಿತ್ತು.

ಮುಂದಿನಿಂದ ಗೆರೆ ಮುಗಿದ ಮೇಲೆ ಅರಗು ಬೆಚ್ಚಗೆ ಮಾಡಿ ತಗಡು ಎಬ್ಬಿಸಿ, ಅಂಟಿದ್ದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕಾಯಿಸಿ, ಮಗುಚಿ ಕೂರಿಸಿ, ಹಿಂದಿನಿಂದ ಗುಂಡು ತುದಿಯ ಉಳಿಯಲ್ಲಿ ತಳ್ಳುವುದು. ಹಂಸದ ಎದೆ, ಬಳ್ಳಿಯ ಮೊಗ್ಗು ಎಲ್ಲ ಮುಂದಕ್ಕೆ ಉಬ್ಬುತ್ತವೆ. ಮತ್ತೆ ಎಬ್ಬಿಸಿ, ಕಾಯಿಸಿ, ಉಬ್ಬಿನ ಹೊಟ್ಟೆಗೆ ಅರಗು ತುಂಬಿ, ಮುಂದಿನಿಂದ ಸುತ್ತಲಿನ ನೆಲ ತಗ್ಗಿಸುವುದು. ಇಂಥ ಐದು ಸುತ್ತು. ಒಂದು ಬದಿಯಿಂದ ಹೊಡೆದದ್ದು ಇನ್ನೊಂದು ಬದಿಯಲ್ಲಿ ಸ್ವಲ್ಪ ಹಾಳಾಗಿರುತ್ತದೆ, ಅದನ್ನು ಸರಿಮಾಡಿದರೆ ಈ ಕಡೆ ಹಾಳು. ಅತ್ತೆ ಸೊಸೆ ಇಬ್ಬರಿಗೂ ಸಮಾಧಾನ ಹೇಳುವ ಕೆಲಸ.

ನಾಲ್ಕನೇ ಸುತ್ತಿನಲ್ಲಿ ಹಂಸದ ಕತ್ತು ಹರಿಯಿತು. ಹಳೆಯ ಬಿಲ್ಲೆಯಲ್ಲಿ ತೂತಾದ ಜಾಗವೇ. ಎದೆಯನ್ನು 4 ಮಿಲಿಮೀಟರ್ ಎತ್ತರಕ್ಕೆ ಎಬ್ಬಿಸಿದ್ದೆ. ಎತ್ತರ ಎಲ್ಲಿಂದ ಬರುತ್ತದೆ? ಪಕ್ಕದ ತಗಡು ತೆಳ್ಳಗಾಗಿ ಬರುತ್ತದೆ. ಎದೆ ಮತ್ತು ತಲೆ ಎರಡೂ ಎಳೆದದ್ದು ಕತ್ತಿನಿಂದಲೇ, ಜೊತೆಗೆ ಅವತ್ತು ಮಧ್ಯೆ ಕಾಯಿಸದೆ ಹೊಡೆದಿದ್ದೆ. ಸದ್ದು ಬದಲಾಗಿತ್ತು, ಟಣ್ ಟಣ್ ಅನ್ನುತ್ತಿತ್ತು. ಮೆತ್ತಗಿರುವ ಬೆಳ್ಳಿ ಹಾಗೆ ಕೂಗುವುದಿಲ್ಲ. ಆಚಾರ್ರು ಅವತ್ತು ಊರಲ್ಲಿರಲಿಲ್ಲ. ಮೂರು ಮಿಲಿಮೀಟರ್ ಉದ್ದದ ಬಿರುಕು.

ಎಸೆದು ಮತ್ತೆ ಶುರುಮಾಡೋಣ ಅಂದೆ. "ಯಾಕೆ, ಬೆಳ್ಳಿ ಏನ್ ಮರದಲ್ಲಿ ಬಿಡ್ತದಾ?" ಅಂದರು. ಹಿಂದಿನಿಂದ ತೇಪೆ. ಐದು ಮಿಲಿಮೀಟರ್ ಬೆಳ್ಳಿ ಚೂರನ್ನು ಕತ್ತಿನ ಬಾಗಿಗೆ ಸರಿಯಾಗಿ ಬಗ್ಗಿಸಿದೆ. ಬೆಸುಗೆ ಸರಾಗ ಹರಿಯಲಿ ಎಂದು ಬಿಳಿಗಾರವನ್ನು ಗಂಧ ತೇಯ್ದ ಹಾಗೆ ಕಲ್ಲಿನ ಮೇಲೆ ನೀರು ಬಿಟ್ಟು ತೇಯ್ದು ಎರಡೂ ಕಡೆ ಸವರಿದೆ. ಬೆಸುಗೆ ಅಂದರೆ ಬೆಳ್ಳಿಗೆ ಹಿತ್ತಾಳೆ ಬೆರೆಸಿ ಮಾಡಿಟ್ಟುಕೊಂಡದ್ದು, ಬೆಳ್ಳಿಗಿಂತ ಬೇಗ ಕರಗುತ್ತದೆ. ಅಂಗಡಿಯಲ್ಲಿ ಬೆಸುಗೆ ಕೊಳ್ಳುವವರು ಕ್ಯಾಡ್ಮಿಯಂ ಇಲ್ಲದ್ದನ್ನು ಕೇಳಿ ತಗೊಳ್ಳಿ. ಕ್ಯಾಡ್ಮಿಯಂ ಹೊಗೆ ಶ್ವಾಸಕೋಶಕ್ಕೆ ವಿಷ, ಕಿಟಕಿ ತೆರೆದಿದ್ದೇನೆ ಅಂದರೆ ಸಾಲದು.

ಇಲ್ಲಿ ನನ್ನ ಹಳೇ ಅಭ್ಯಾಸ ಅಡ್ಡ ಬಂತು. ಸಾಲ್ಡರಿಂಗ್ ಐರನ್ನನ್ನು ಬೆಸೆಯುವ ಜಾಗಕ್ಕೇ ಇಡುತ್ತೇವೆ. ಟಾರ್ಚನ್ನೂ ತೇಪೆಯ ಮೇಲೇ ಹಿಡಿದೆ. ಬೆಸುಗೆ ಗುಂಡಾಗಿ ತೇಪೆಯ ಬೆನ್ನ ಮೇಲೇ ಕೂತಿತು, ಸಂದಿಗೆ ಇಳಿಯಲಿಲ್ಲ. ಬೆಳ್ಳಿ ಶಾಖವನ್ನು ಮೈತುಂಬ ಹಂಚಿಕೊಂಡುಬಿಡುತ್ತದೆ. ಒಂದೇ ಕಡೆ ಸುಟ್ಟರೆ ಆಗದು. ಇಡೀ ಬಿಲ್ಲೆಯನ್ನು ಸುತ್ತ ಸುತ್ತ ಕಾಯಿಸಬೇಕು, ದೊಡ್ಡದು ಬಿಸಿಯಾದ ಮೇಲೆ ಚಿಕ್ಕದಕ್ಕೆ ಬೆಂಕಿ ತೋರಿಸಬೇಕು. ಎರಡನೇ ಸಲ ಹಾಗೇ ಮಾಡಿದೆ. ಬಿಳಿಗಾರ ಮೊದಲು ಉಬ್ಬಿ ಪುರಿಯಾಯಿತು, ಆಮೇಲೆ ಕುಸಿದು ಗಾಜಿನಂತೆ ತಿಳಿಯಾಯಿತು. ಅದಾದ ಸ್ವಲ್ಪ ಹೊತ್ತಿಗೆ ಬಿರುಕಿನ ಉದ್ದಕ್ಕೂ ಬಿಳಿ ಮಿಂಚೊಂದು ಸರ್ರನೆ ಹರಿದು ನಿಂತಿತು. ಅರ್ಧ ಕ್ಷಣ. ಬೆಂಕಿ ತೆಗೆದೆ. ಮುಂದಿನಿಂದ ನೋಡಿದರೆ ಕತ್ತಿನಲ್ಲಿ ಕೂದಲಿನಷ್ಟು ಗೆರೆ, ಉಳಿಯಲ್ಲಿ ನಾಲ್ಕು ಪೆಟ್ಟು ಹಾಕಿದರೆ ಅದೂ ಮುಚ್ಚಿತು.

ಹತ್ತನೇ ಭಾನುವಾರ ಗರಗಸದಲ್ಲಿ ದುಂಡಗೆ ಕತ್ತರಿಸಿದೆ. ಅಂಚಿಗೆ ನಿಜವಾದ ಕೆತ್ತನೆ, ಅಂದರೆ ಅಲಗಿನ ಉಳಿಯಲ್ಲಿ ಬೆಳ್ಳಿಯ ಎಳೆ ಎಬ್ಬಿಸಿ ತೆಗೆಯುವುದು. ತುದಿ ಮೂರು ಮೂಲೆಯದು, ಎಣ್ಣೆಕಲ್ಲಿನಲ್ಲಿ ಮಸೆದು ಉಗುರಿನ ಮೇಲಿಟ್ಟರೆ ಜಾರದೆ ಕಚ್ಚಬೇಕು. ಹಿಡಿಯನ್ನು ಅಂಗೈಗೆ ಒತ್ತಿ ಮುಂದಕ್ಕೆ ನೂಕುವುದು, ಸುತ್ತಿಗೆ ಬೇಡ. ತಿರುವಿನಲ್ಲಿ ಉಳಿ ತಿರುಗುವುದಿಲ್ಲ, ಎಡಗೈಯಲ್ಲಿ ಬಿಲ್ಲೆ ತಿರುಗುತ್ತದೆ. ನೆಟ್ಟಗೆ ಹೋದರೆ ಸಣ್ಣ ಗೆರೆ, ಪಕ್ಕಕ್ಕೆ ವಾಲಿಸಿದರೆ ಅಗಲವಾಗಿ ಕಡಿದು ಫಳ್ಳನೆ ಹೊಳೆಯುವ ಪಟ್ಟೆ. ಸುತ್ತಲೂ ಅಕ್ಕಿಕಾಳಿನಂಥ ಎಪ್ಪತ್ತೆರಡು ಕಡಿತ. ನಲವತ್ತೊಂದನೆಯದರಲ್ಲಿ ಜಾರಿ ಹಂಸದ ರೆಕ್ಕೆಯ ಮೇಲೆ ಗೀರಿತು. ಒಪ್ಪ ಹಾಕುವ ಉಕ್ಕಿನ ಕಡ್ಡಿಯಲ್ಲಿ ಉಜ್ಜಿ ಉಜ್ಜಿ ಮುಕ್ಕಾಲು ಅಡಗಿಸಿದೆ. ಕಾಲು ಹಾಗೇ ಇದೆ. ಗರಿಯ ಗೆರೆ ಅಂತ ಮಾಡಿಬಿಡಲಾ ಅಂದದ್ದಕ್ಕೆ ಆಚಾರ್ರು, "ತಪ್ಪಿಗೆ ವೇಷ ಹಾಕ್ಬೇಡ, ಬುಡು" ಅಂದರು.

ಕಾಗದದ ಮೇಲೆ ಬಿದ್ದಿದ್ದ ಕೆತ್ತನೆಯ ಎಳೆಗಳನ್ನು ತೂಗಿದೆ. 0.2 ಗ್ರಾಂ. ಚೌಕ ತಗಡಿನಲ್ಲಿ ಮೂಲೆಗಳು ಹೋದ ಮೇಲೆ ಉಳಿದಿದ್ದ ಸುಮಾರು 18 ಗ್ರಾಮಿನಲ್ಲಿ ಕೆತ್ತಿ ತೆಗೆದದ್ದು ಇಷ್ಟೇ. ಮಿಕ್ಕದ್ದೆಲ್ಲ ಜಾಗ ಬದಲಿಸಿ ಅಲ್ಲೇ ಇದೆ.

ಹಿಂದೆ ಜಡೆ ತೂರಿಸುವ ಬಾಗಿದ ಪಟ್ಟಿ ಬೆಸೆದೆ. ಇನ್ನು ಉಳಿದದ್ದು ಕೂದಲಿಗೆ ಸಿಕ್ಕಿಕೊಳ್ಳುವ ಮುಳ್ಳು. ಬೆರಳು ಇದನ್ನು ಕಂಡುಹಿಡಿಯುವುದಿಲ್ಲ. ಹತ್ತಿ ಉಂಡೆಯನ್ನು ಹಿಂಬದಿ, ಅಂಚು ಎಲ್ಲ ಕಡೆ ಸವರಿ, ಎಳೆ ಎಲ್ಲಿ ಸಿಕ್ಕಿ ನಿಂತಿತೋ ಅಲ್ಲಿ ಅರ ಹಾಕುವುದು. ಹತ್ತೊಂಬತ್ತು ಕಡೆ ಸಿಕ್ಕಿತು.

ಕಪ್ಪು ಕೊಡಲು ಗಂಧಕ ಬೇಕು. ಬೆಳ್ಳಿ ಬರೀ ಗಾಳಿಗೆ ಕಪ್ಪಾಗುವುದಿಲ್ಲ, ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಆಗುತ್ತದೆ. ಬೇಯಿಸಿದ ಮೊಟ್ಟೆಯ ಹಳದಿ ಭಾಗ ಪುಡಿಮಾಡಿ ಬಿಲ್ಲೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಸಾಕು. ಆಚಾರ್ರ ಕೋಣೆಯೊಳಗೆ ಮೊಟ್ಟೆ ಬರುವ ಹಾಗಿಲ್ಲ, ಹಾಗಾಗಿ ಈ ಭಾಗ ನನ್ನ ಅಂಗಡಿಯಲ್ಲಿ, ಸುಟ್ಟ ಕಾಯಿಲುಗಳ ವಾಸನೆಯ ನಡುವೆ. ರಾತ್ರಿ ಬೆಳಗಾಗುವುದರಲ್ಲಿ ಮೈಯೆಲ್ಲ ಕಪ್ಪು. ಅಂಟುವಾಳದ ನೊರೆ, ಹಿತ್ತಾಳೆ ಬ್ರಷ್ ಹಾಕಿ ಉಜ್ಜಿದರೆ ಉಬ್ಬಿನ ಮೇಲಿನದು ಹೋಗಿ ತಗ್ಗಿನದು ಉಳಿಯಿತು. ಕಲ್ಲಿನವರು ಕೊರೆದು ಪಡೆದ ನೆರಳನ್ನು ನಾನು ಕೋಳಿಮೊಟ್ಟೆಯಿಂದ ಪಡೆದೆ.

ಒಟ್ಟು ತೂಕ 19.4 ಗ್ರಾಂ. ಹಳೆಯದು ಏಳೂ ಇರಲಿಲ್ಲ. ಈ ವ್ಯತ್ಯಾಸದ ಬಗ್ಗೆ ಯೋಚಿಸಬೇಕಿತ್ತು. ಅಕ್ಕನ ಮಗಳು ಹಾಕಿಕೊಂಡು ಮನೆಯಲ್ಲೇ ಒಂದು ಅಡವು ಕುಣಿದಳು. "ಮಾಮ, ಇದು ತಲೆ ಬಗ್ಗಿಸ್ಕೊಂಡು ನೋಡ್ತಿದೆ" ಅಂದಳು. ಹೌದು, ಪಟ್ಟಿಯನ್ನು ನಡುವಿಗೆ ಬೆಸೆದುಬಿಟ್ಟಿದ್ದೆ, ಭಾರಕ್ಕೆ ಬಿಲ್ಲೆಯ ಮೇಲಂಚು ಜಡೆಯಿಂದ ಮುಂದಕ್ಕೆ ವಾಲುತ್ತದೆ. ಪಟ್ಟಿ ಕಿತ್ತು 8 ಮಿಲಿಮೀಟರ್ ಮೇಲಕ್ಕೆ ಸರಿಸಬೇಕು. ಅಲ್ಲಿಗೆ ಕತ್ತಿನ ತೇಪೆ ಹತ್ತಿರ. ಮತ್ತೆ ಕಾಯಿಸಿದರೆ ಆ ಬೆಸುಗೆಯೂ ಕರಗುವ ಭಯ, ಅದಕ್ಕೆ ತೇಪೆಯ ಮೇಲೆ ಒದ್ದೆ ಕೆಮ್ಮಣ್ಣು ಮೆತ್ತಿ, ಹಿತ್ತಾಳೆ ಜಾಸ್ತಿ ಇರುವ, ಬೇಗ ಹರಿಯುವ ಬೆಸುಗೆ ಹಾಕು ಅಂದಿದ್ದಾರೆ ಆಚಾರ್ರು. ಕೆಮ್ಮಣ್ಣು ತಂದು ನೆನೆಹಾಕಿದ್ದೇನೆ. ಹೊಸ ಅರವನ್ನೂ ಕೊಂಡಿದ್ದೇನೆ, ಹಿಡಿಗೆ ಕೆಂಪು ಇನ್ಸುಲೇಶನ್ ಟೇಪ್ ಸುತ್ತಿ ಸೀಸದ ಸಾಮಾನಿನಿಂದ ದೂರ ಇಟ್ಟಿದ್ದೇನೆ.